ಅಮ್ಮನಿಗೆ ಓದಿ ಹೇಳಲು ಒಳ್ಳೆಯ ಕಾದಂಬರಿ ಹೇಳಿ

ಮುಸ್ಸಂಜೆ_ಓದು (ಮೈಸೂರು), ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ ಈಗ 74. ಅರಸೀಕೆರೆ ಕಡೆಯವರು. ಚಿಕ್ಕಂದಿನಿಂದ ಕಾದಂಬರಿ ಅಂದರೆ ಪ್ರಾಣ. ಸುಧಾ, ಪ್ರಜಾಮತದಲ್ಲಿ ಬರುತ್ತಿದ್ದ ಧಾರಾವಾಹಿಗಳ ಹಾಳೆ ಕಿತ್ತು, ಜೋಡಿಸಿ, ದಬ್ಬಣದಿಂದ ಹೊಲಿದು ಇಟ್ಟುಕೊಳ್ಳುತ್ತಿದ್ದರು. ಅಂಥ ಹನ್ನೊಂದು ಕಟ್ಟು ಟ್ರಂಕಿನಲ್ಲಿ ಈಗಲೂ ಇವೆ. ಎರಡು ವರ್ಷದಿಂದ ಕಣ್ಣಿನ ಪರದೆ ಹಾಳಾಗುತ್ತಾ ಬಂದಿದೆ. ಸುತ್ತಲಿನದು ಕಾಣುತ್ತದೆ, ನಟ್ಟನಡುವೆ ಮಾತ್ರ ಮಸುಕು. ಬಾಗಿಲು, ಕಿಟಕಿ ಎಲ್ಲ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ.

ಆರು ತಿಂಗಳಿಂದ ಸಂಜೆ ದೀಪ ಹಚ್ಚಿದ ಮೇಲೆ ಮುಕ್ಕಾಲು ಗಂಟೆ ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಕೇಳುತ್ತಾರೆ. ಇಷ್ಟು ದಿನದಲ್ಲಿ ಒಂದು ವಿಷಯ ಗೊತ್ತಾಯಿತು. ನಾನು ಒಬ್ಬಳೇ ಓದಿ ಮೆಚ್ಚಿದ ಪುಸ್ತಕವೆಲ್ಲ ಗಟ್ಟಿಯಾಗಿ ಓದುವಾಗ ನಿಲ್ಲುವುದಿಲ್ಲ. ಕೆಲವು ಕಣ್ಣಿಗೆ ಸೊಗಸು, ಬಾಯಿಗೆ ಬರುವುದಿಲ್ಲ. ಕೆಲವು ಬಾಯಿಗೆ ಬಂದಮೇಲೆಯೇ ಅರಳುತ್ತವೆ.

ಈಚೆಗೆ ಓದಿದವು ಇವು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೆಲವೇ ಸಂಜೆಯಲ್ಲಿ ಮುಗಿಯಿತು. ಬಾಡಿಗೆ ಮನೆಯಲ್ಲಿ ಇರುವೆಗಳ ಜೊತೆ ಹೋರಾಡುವ ಭಾಗ ಅಮ್ಮನಿಗೆ ತುಂಬ ಹಿಡಿಸಿತು, ಅವರೂ ಅಂಥ ಮನೆಯಲ್ಲಿ ಸಂಸಾರ ಮಾಡಿದವರು. ಆದರೆ ಚಿಕ್ಕಪ್ಪನನ್ನು ಹುಡುಕಿಕೊಂಡು ಬರುವ ಹೆಂಗಸನ್ನು ಬಾಗಿಲಿನಿಂದಲೇ ಓಡಿಸುತ್ತಾರಲ್ಲ, ಅಲ್ಲಿ ನನ್ನನ್ನು ತಡೆದರು. 'ಆಮೇಲೆ ಅವಳು ಎಲ್ಲಿಗೆ ಹೋದಳು?' ಅಂದರು. ಅದನ್ನು ಪುಸ್ತಕ ಹೇಳುವುದಿಲ್ಲ ಅಂದೆ. ಎರಡು ದಿನ ಅದೇ ಯೋಚನೆ ಅವರಿಗೆ. ಮರೆಯಲಾಗದ ಪುಸ್ತಕ, ಖಂಡಿತ ಓದಿ.

ವಸುಧೇಂದ್ರರ 'ತೇಜೋ-ತುಂಗಭದ್ರಾ' ಅರ್ಧಕ್ಕೆ ನಿಂತಿದೆ. ನನಗೆ ಬಹಳ ಇಷ್ಟವಾದ ಕಾದಂಬರಿ. ಆದರೆ ಕಥೆ ಒಮ್ಮೆ ಲಿಸ್ಬನ್, ಒಮ್ಮೆ ವಿಜಯನಗರದ ಸೀಮೆ ಅಂತ ಓಡಾಡುತ್ತದೆ. ಹಿಂದಿನ ಪುಟ ತಿರುವಿ ನೋಡಲು ಅಮ್ಮನಿಗೆ ಆಗುವುದಿಲ್ಲ. 'ಈಗ ಎಲ್ಲಿದ್ದೀವಿ ನಾವು?' ಅಂತ ಮತ್ತೆ ಮತ್ತೆ ಕೇಳಿ ಸುಸ್ತಾದರು.

ಅದಕ್ಕೇ ಕೇಳುತ್ತಿದ್ದೇನೆ. ನೀವು ಈಚೆಗೆ ಓದಿದ್ದರಲ್ಲಿ, ಕಿವಿಗೆ ಹಿತವಾಗುವ, ಮಾತು ಜೀವಂತ ಇರುವ ಕಾದಂಬರಿ ಯಾವುದು? ಹಳೆಯದಾದರೂ ಸರಿ.

ಲೈಬ್ರರಿ_ಕಾರ್ಡ್ (ತುಮಕೂರು)

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಾನು ಗ್ರಂಥಾಲಯದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಅಮ್ಮನ ವಯಸ್ಸಿನ ಹೆಂಗಸರು ಏನು ಓದುತ್ತಿದ್ದರು ಅಂತ ಕಣ್ಣಾರೆ ಕಂಡಿದ್ದೇನೆ. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಪುಸ್ತಕ ಕಪಾಟಿನಲ್ಲಿ ಒಂದು ದಿನವೂ ಕೂರುತ್ತಿರಲಿಲ್ಲ. ಕೈಯಿಂದ ಕೈಗೆ ಹೋಗಿ ಬೈಂಡು ಬಿಚ್ಚಿಕೊಳ್ಳುತ್ತಿದ್ದವು.

ನನ್ನ ಸಲಹೆ 'ಫಣಿಯಮ್ಮ'. 1976ರದು. ಹೋದ ತಿಂಗಳು ಮತ್ತೆ ಓದಿದೆ, ಅದೇ ತಾಜಾತನ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, 112 ವರ್ಷ ಬದುಕಿದ ಮಲೆನಾಡಿನ ಹೆಣ್ಣುಮಗಳ ಕಥೆ. ಇಂದಿರಾ ತಮ್ಮ ಮನೆತನದಲ್ಲೇ ಕೇಳಿದ ಬದುಕನ್ನು ಬರೆದದ್ದು. ಅಡುಗೆಮನೆಯಲ್ಲಿ ಕೂತು ಒಬ್ಬರು ಇನ್ನೊಬ್ಬರಿಗೆ ಹೇಳುವ ಧಾಟಿಯಲ್ಲೇ ಇದೆ. ಹಾಗಾಗಿ ಗಟ್ಟಿಯಾಗಿ ಓದಲು ಸ್ವಲ್ಪವೂ ಕಷ್ಟವಿಲ್ಲ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಅವರಿಗೆ 45 ದಾಟಿದ ಮೇಲೆ. ಮನೆ, ಮಕ್ಕಳು ಅಂತ ಅಷ್ಟು ವರ್ಷ ಕಳೆದ ಮೇಲೆ ಪೆನ್ನು ಹಿಡಿದವರು. ಅದನ್ನೂ ಅಮ್ಮನಿಗೆ ಹೇಳಿ.

ಕಾಫಿತೋಟ (ಮೂಡಿಗೆರೆ)

ಯೋಚನೆಯೇ ಬೇಡ, 'ಕರ್ವಾಲೋ'. ತೇಜಸ್ವಿಯವರ ಮಂದಣ್ಣ, ಪ್ಯಾರ, ಬಿರಿಯಾನಿ ಕರಿಯಪ್ಪ, ನಾಯಿ ಕಿವಿ, ಇವರೆಲ್ಲ ಬಾಯಿ ತೆರೆದರೆ ಸಾಕು, ಓದುವವರ ದನಿಯೇ ಬದಲಾಗುತ್ತದೆ. ಜೇನಿನಿಂದ ಶುರುವಾಗಿ ಹಾರುವ ಓತಿಯ ಬೆನ್ನು ಹತ್ತಿ ನಾರ್ವೆ ಕಾಡಿನ ಕಣಿವೆಯವರೆಗೆ ಹೋಗುತ್ತದೆ ಕಥೆ. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದಾಗ ಅಪ್ಪ ಲಾಟೀನು ಇಟ್ಟುಕೊಂಡು ಓದುತ್ತಿದ್ದರು. ಈಗ ನನ್ನ ಮಗಳಿಗೆ ನಾನು ಓದುತ್ತಿದ್ದೇನೆ, ಅವಳಿಗೆ ಹತ್ತು ವರ್ಷ. ಕರಿಯಪ್ಪ ಮರ ಹತ್ತುವ ಕಡೆ ಉಸಿರು ಬಿಗಿಹಿಡಿದು ಕೂತಿದ್ದಳು. ಓತಿಯನ್ನು ಅವರು ಕಂಡಾಗಿನ ಆ ಕ್ಷಣವನ್ನು ನಾನು ಪ್ರತಿ ಸಲವೂ ನಿಧಾನ ಓದುತ್ತೇನೆ.

ಮಲಪ್ರಭಾ_ದಂಡೆ (ಧಾರವಾಡ)

ಮೇಡಂ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ನಮ್ಮ ಕಡೆಯ ಕಾದಂಬರಿಗಳನ್ನು ಬೆಂಗಳೂರು, ಮೈಸೂರಿನ ಗೆಳೆಯರಿಗೆ ಕೊಟ್ಟರೆ 'ಭಾಷೆ ಅರ್ಥ ಆಗಲ್ಲ' ಅಂತ ವಾಪಸ್ ಕೊಡುತ್ತಾರೆ. ನಾನು ಅವರಿಗೆ ಹೇಳುವುದು ಒಂದೇ ಮಾತು: ಗಟ್ಟಿಯಾಗಿ ಓದಿ. ಕಣ್ಣಿನಲ್ಲಿ ಎಡವುವ ಮಾತು ಕಿವಿಗೆ ಬಿದ್ದ ಕೂಡಲೇ ತಿಳಿಯುತ್ತದೆ.

ಮೂರು ಹೆಸರು ಹೇಳುತ್ತೇನೆ. ಶಂಕರ ಮೊಕಾಶಿ ಪುಣೇಕರರ 'ಗಂಗವ್ವ ಗಂಗಾಮಾಯಿ', 1956ರದು. ಗಂಗವ್ವ, ಮಗ ಕಿಟ್ಟಿ, ಮನೆಯೊಳಗಿನ ಹಟ, ಆಸ್ತಿ, ಸಂಬಂಧ. ಮರುವರ್ಷ ಬಂದದ್ದು ರಾವಬಹಾದ್ದೂರರ 'ಗ್ರಾಮಾಯಣ'. ಪಾದಳ್ಳಿ ಅನ್ನುವ ಊರೇ ಅದರ ನಾಯಕ. ಒಂದು ಊರು ಹೇಗೆ ಒಳಗಿಂದಲೇ ಹಾಳಾಗುತ್ತದೆ ಅಂತ ಅಷ್ಟು ವಿವರವಾಗಿ ಬರೆದವರನ್ನು ನಾನು ಬೇರೆ ಕಂಡಿಲ್ಲ. ಆದರೆ ಅದು ದೊಡ್ಡದು, ಜನ ಜಾಸ್ತಿ. ಮೊದಲಿಗೇ ಬೇಡ.

ಮೂರನೆಯದು ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ'. 2004ರಲ್ಲಿ ಬಂತು, 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ನಮ್ಮ ನವಲಗುಂದದ ಕಥೆ. ನವಲಗುಂದ ಕಂಡವರಿಗೆ ಗೊತ್ತು, ಅಲ್ಲಿ ಎರೆಭೂಮಿ, ಹಳ್ಳ ಬಂದರೆ ಹೆದರಿಕೆ, ಬರದಿದ್ದರೆ ಸಂಕಟ. ನಮ್ಮ ಅಜ್ಜಿ ಮಾತಾಡುತ್ತಿದ್ದ ಹಾಗೆಯೇ ಆ ಪುಸ್ತಕದಲ್ಲಿ ಜನ ಮಾತಾಡುತ್ತಾರೆ. ಅಜ್ಜಿ ಹೋದ ಮೇಲೆ ಆ ಮಾತು ನಮ್ಮ ಮನೆಯಲ್ಲಿ ನಿಂತೇ ಹೋಗಿತ್ತು. ಪುಸ್ತಕ ಓದುವಾಗ ಮತ್ತೆ ಕೇಳಿಸಿತು.

ದೂರದೂರು (ಡಲ್ಲಾಸ್)

ಮುಸ್ಸಂಜೆ ಅಕ್ಕ, ನಾನೂ ನಿಮ್ಮ ಹಾಗೇ. ಅಪ್ಪ ಹಾಸನದಲ್ಲಿ, ನಾನು ಇಲ್ಲಿ. ಅವರಿಗೆ ಪಾರ್ಶ್ವವಾಯು ಆದಮೇಲೆ ಪುಸ್ತಕ ಹಿಡಿಯಲು ಆಗುವುದಿಲ್ಲ. ವಾರಕ್ಕೆ ನಾಲ್ಕು ದಿನ ನನಗೆ ಬೆಳಿಗ್ಗೆ, ಅವರಿಗೆ ರಾತ್ರಿ, ವಿಡಿಯೋ ಕಾಲ್‌ನಲ್ಲಿ ಓದುತ್ತೇನೆ.

'ತೇಜೋ-ತುಂಗಭದ್ರಾ' ಬಿಡಬೇಡಿ. ನಾವು ಒಂದು ದಾರಿ ಮಾಡಿಕೊಂಡೆವು. ತಮ್ಮ ಒಂದು ನಕ್ಷೆ ತಂದು ಅಪ್ಪನ ಮಂಚದ ಎದುರು ಅಂಟಿಸಿದ. ಲಿಸ್ಬನ್, ಗೋವಾ, ಹಂಪೆಗೆ ಕೆಂಪು ಗುರುತು. ನಿಮ್ಮ ಅಮ್ಮನಿಗೆ ನಕ್ಷೆ ಕಾಣದಿದ್ದರೂ ಪರವಾಗಿಲ್ಲ, ಪ್ರತಿ ಭಾಗ ಶುರು ಮಾಡುವ ಮೊದಲು ನದಿಯ ಹೆಸರು ಹೇಳಿ. 'ಇವತ್ತು ತೇಜೋ' ಅಥವಾ 'ಇವತ್ತು ತುಂಗಭದ್ರಾ'. ಅಷ್ಟು ಹೇಳಿದರೆ ಬೆಲ್ಲಾ ಮತ್ತು ಗೇಬ್ರಿಯಲ್ ಒಂದು ದಡ, ಹಂಪಮ್ಮ ಮತ್ತು ಕೇಶವ ಇನ್ನೊಂದು ದಡ ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ. ಇಬ್ಬರ ಕಥೆ ಒಂದನ್ನೊಂದು ತಾಕುವ ಹೊತ್ತಿಗೆ ಅಪ್ಪ ನನ್ನ ಕರೆ ಬರುವ ಮೊದಲೇ ಫೋನ್ ಎದುರು ಕೂತಿರುತ್ತಿದ್ದರು.

ಅದಾದ ಮೇಲೆ ಗೋಪಾಲಕೃಷ್ಣ ಪೈ ಅವರ 'ಸ್ವಪ್ನ ಸಾರಸ್ವತ' ಓದಿದೆವು. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ತೆಂಕಣಕ್ಕೆ ಬಂದ ಸಾರಸ್ವತರ ಕಥೆ. ಎರಡನ್ನೂ ಒಂದರ ಹಿಂದೆ ಒಂದು ಓದಿದರೆ ಗೋವಾ ಎರಡು ಕಡೆಯಿಂದ ಕಾಣುತ್ತದೆ. ಊರು ಬಿಟ್ಟು ಬಂದವಳಿಗೆ ಆ ಪುಸ್ತಕ ಜೋರಾಗಿ ಓದುವುದು ಕಷ್ಟವಾಯಿತು. ಎಷ್ಟೋ ಕಡೆ ನಿಲ್ಲಿಸಿ ನೀರು ಕುಡಿದು ಮುಂದುವರಿಸಿದ್ದೇನೆ.

ರಾತ್ರಿಪಾಳಿ (ಬೆಂಗಳೂರು)

ಆಡಿಯೋ ಪುಸ್ತಕ ಹಾಕಿಕೊಡಬಹುದಲ್ವಾ? ಈಗ ಕನ್ನಡದಲ್ಲೂ ಬೇಕಾದಷ್ಟು ಇವೆ. ನಾನು ಕ್ಯಾಬ್‌ನಲ್ಲಿ ಹೋಗುವಾಗ ಕೇಳುವುದೇ ಅದನ್ನು.

ಮುಸ್ಸಂಜೆ_ಓದು

ಪ್ರಯತ್ನ ಮಾಡಿದೆ. ಅಮ್ಮ ನಾಲ್ಕು ದಿನ ಕೇಳಿದರು. ಆಮೇಲೆ, 'ಅದು ನನ್ನ ಮಾತು ಕೇಳಿಸಿಕೊಳ್ಳಲ್ಲ' ಅಂದರು. ಅವರಿಗೆ ನಡುವೆ ನಿಲ್ಲಿಸಬೇಕು, ಕೇಳಬೇಕು, ತಮ್ಮದೊಂದು ಮಾತು ಸೇರಿಸಬೇಕು. ನಿಮ್ಮ ಹಾಗೆ ಓಡಾಡುವವರಿಗೆ ಅದು ತುಂಬ ಅನುಕೂಲ, ಒಪ್ಪುತ್ತೇನೆ.

'ಫಣಿಯಮ್ಮ' ನಾಳೆ ತರುತ್ತೇನೆ. ನದಿಯ ಹೆಸರು ಹೇಳಿ ಶುರು ಮಾಡುವುದು ನನಗೆ ಹೊಳೆದೇ ಇರಲಿಲ್ಲ, ಧನ್ಯವಾದ.

ಕಪ್ಪು_ಹಲಗೆ (ಚಾಮರಾಜನಗರ)

ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ದೇವನೂರ ಮಹಾದೇವರ 'ಒಡಲಾಳ' ಹೇಳದೆ ಇರಲಾರೆ. ಗಾತ್ರದಲ್ಲಿ ಪುಟ್ಟದು. ಸಾಕವ್ವ ತನ್ನ ಹುಂಜ ಕಳೆದುಕೊಂಡು ಹುಡುಕುತ್ತಾಳೆ. ಅದೇ ಮನೆಯಲ್ಲಿ ಒಂದು ರಾತ್ರಿ ಕದ್ದು ತಂದ ಕಡಲೆಕಾಯಿ ಮೂಟೆ ಬಿಚ್ಚಿ, ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುತ್ತಾರೆ. ಹಸಿವು ಅನ್ನುವ ಪದ ಬರೆಯದೆಯೇ ಹಸಿವನ್ನು ಕಾಣಿಸುವ ಪುಟಗಳು ಅವು. ಬೆಳಗಾದರೆ ಪೊಲೀಸರು.

ಹೋದ ವರ್ಷ ಒಂಬತ್ತನೇ ತರಗತಿಗೆ ಆ ಭಾಗ ಓದಿದೆ. ಹಿಂದಿನ ಬೆಂಚಿನ ಹುಡುಗ ಎಂದೂ ಬಾಯಿ ಬಿಟ್ಟವನಲ್ಲ. 'ಸಾ, ನಮ್ಮವ್ವನೂ ಹಿಂಗೇ ಮಾತಾಡ್ತದೆ' ಅಂದ. ಪುಸ್ತಕದ ಕನ್ನಡ ಬೇರೆ, ತನ್ನ ಮನೆಯ ಕನ್ನಡ ಬೇರೆ ಅಂತ ಅವನು ಅಲ್ಲಿಯವರೆಗೂ ನಂಬಿದ್ದ. ಮಾರನೇ ದಿನ ಪುಸ್ತಕ ಕೇಳಿ ತೆಗೆದುಕೊಂಡು ಹೋದ. ಇನ್ನೂ ವಾಪಸ್ ಬಂದಿಲ್ಲ, ನಾನೂ ಕೇಳಿಲ್ಲ.

ಇದನ್ನು ಓದುವಾಗ ಆ ಮಾತನ್ನು ಶಿಷ್ಟ ಕನ್ನಡಕ್ಕೆ ತಿದ್ದಬೇಡಿ. ಇದ್ದ ಹಾಗೇ ಓದಿ. ಮೊದಲ ಹತ್ತು ಪುಟ ನಾಲಿಗೆ ತಡವರಿಸುತ್ತದೆ, ಆಮೇಲೆ ತಾನೇ ದಾರಿ ಹಿಡಿಯುತ್ತದೆ.

ಕಡಲತಡಿ (ಕಾಸರಗೋಡು)

ನಮ್ಮೂರಿನ ಒಂದು ಹೆಸರು ಸೇರಿಸುತ್ತೇನೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ನಿಮ್ಮ ಅಮ್ಮನ ಕಟ್ಟಿನಲ್ಲೂ ಇರಬಹುದು, ಹುಡುಕಿ ನೋಡಿ! ನಾದಿರಾ ಅನ್ನುವ ಹುಡುಗಿ, ಅಪ್ಪನ ಹಟಕ್ಕೆ ಮುರಿದು ಬೀಳುವ ಸಂಸಾರ, ಮೂರು ಸಲ ಹೇಳುವ ತಲಾಖ್. ನಾದಿರಾಳ ತಾಯಿಯೂ ಹಾಗೇ ಗಂಡನ ಸಿಟ್ಟಿಗೆ ಹೆದರಿಯೇ ಬದುಕಿದವಳು. ಆ ತಾಯಿಯ ಮೌನ ನನ್ನನ್ನು ಕಾಡಿದಷ್ಟು ಬೇರೆ ಯಾವುದೂ ಕಾಡಿಲ್ಲ. ಮಾತು ಸರಳ, ವಾಕ್ಯ ಚಿಕ್ಕದು. ಮೂರು ನಾಲ್ಕು ಸಂಜೆ ಸಾಕು. ಸಾರಾ ಅವರು 2023ರ ಜನವರಿಯಲ್ಲಿ ತೀರಿಕೊಂಡಾಗ ನಾನು ಹೊಳೆಯ ಹತ್ತಿರ ಹೋಗಿ ಸುಮ್ನೆ ಸ್ವಲ್ಪ ಹೊತ್ತು ನಿಂತು ಬಂದೆ.

ಮನೆಮುಂದಿನ_ಹೊಂಗೆ (ಚನ್ನರಾಯಪಟ್ಟಣ)

ಭೈರಪ್ಪನವರು 2025ರ ಸೆಪ್ಟೆಂಬರ್‌ನಲ್ಲಿ ಹೋದ ಮೇಲೆ 'ಗೃಹಭಂಗ' ಮತ್ತೆ ತೆಗೆದೆ. ಅರಸೀಕೆರೆಯವರಿಗೆ ಆ ಸೀಮೆ, ಆ ಮಾತು, ಆ ಬೈಗುಳ ಎಲ್ಲ ಮನೆಯದೇ. ನಂಜಮ್ಮನಂಥ ಹೆಣ್ಣು ಕನ್ನಡ ಕಾದಂಬರಿಯಲ್ಲಿ ಇನ್ನೊಬ್ಬಳಿಲ್ಲ ಅಂತ ನನ್ನ ನಂಬಿಕೆ.

ಆದರೆ ಒಂದು ಎಚ್ಚರಿಕೆ. ಪ್ಲೇಗಿನ ಅಧ್ಯಾಯಗಳನ್ನು ರಾತ್ರಿ ಓದಬೇಡಿ. ನಾನು ಅತ್ತೆಯವರಿಗೆ ಓದಿದೆ, ಅವರೂ ಎಳೆ ಮಗುವನ್ನು ಕಳೆದುಕೊಂಡವರು. ಅವತ್ತು ಇಬ್ಬರೂ ನಿದ್ದೆ ಮಾಡಲಿಲ್ಲ. ಹಗಲಲ್ಲಿ, ಬೆಳಕಿರುವಾಗ ಓದಿ.

ಮುಸ್ಸಂಜೆ_ಓದು, ಹದಿನೆಂಟು ದಿನದ ಮೇಲೆ

'ಫಣಿಯಮ್ಮ' ಮುಗಿಯಿತು. ಬರೆಯಲೇಬೇಕು ಅನ್ನಿಸಿತು.

ಫಣಿಯಮ್ಮನ ತಲೆ ಬೋಳಿಸುವ ಭಾಗ ಬಂದಾಗ ಅಮ್ಮ ಕೈ ಎತ್ತಿ ತಡೆದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಅಜ್ಜನ ಅಕ್ಕನ ಬಗ್ಗೆ ಹೇಳಿದರು. ದೊಡ್ಡಜ್ಜಿ ಅನ್ನುತ್ತಿದ್ದರಂತೆ. ತಿಂಗಳಿಗೊಮ್ಮೆ ಕ್ಷೌರದವನು ಹಿತ್ತಲ ಬಾಗಿಲಿನಿಂದ ಬರುತ್ತಿದ್ದ. ಮಕ್ಕಳನ್ನೆಲ್ಲ ನಡುಮನೆಗೆ ಅಟ್ಟಿ ಬಾಗಿಲು ಹಾಕುತ್ತಿದ್ದರು. ಆರು ವರ್ಷದ ಅಮ್ಮ ಒಮ್ಮೆ ಬಾಗಿಲ ಸಂದಿಯಿಂದ ನೋಡಿಬಿಟ್ಟರು. ದೊಡ್ಡಜ್ಜಿ ಬಾವಿಕಟ್ಟೆಯ ಹತ್ತಿರ ತಲೆ ಬಗ್ಗಿಸಿ ಕೂತು ನೆಲದ ಮೇಲೆ ಬೆರಳಿನಿಂದ ರಂಗೋಲಿ ಬರೆಯುತ್ತಿದ್ದರಂತೆ. ಮನೆಯ ಮುಂದೆ ರಂಗೋಲಿ ಹಾಕುವ ಹಕ್ಕು ಅವರಿಗಿರಲಿಲ್ಲ.

ನನಗೆ 46 ವರ್ಷ. ಹುಟ್ಟಿದಾಗಿನಿಂದ ಅಮ್ಮನ ಜೊತೆಗೇ ಇದ್ದೇನೆ ಅನ್ನಬಹುದು. ಈ ದೊಡ್ಡಜ್ಜಿಯ ಹೆಸರನ್ನು ಒಂದು ಸಲವೂ ಕೇಳಿರಲಿಲ್ಲ.

ಮುಂದೆ, ಹೆರಿಗೆಗೆ ಕಷ್ಟಪಡುತ್ತಿದ್ದ ಕೆಳಜಾತಿಯ ಹೆಂಗಸಿನ ಮನೆಗೆ ಫಣಿಯಮ್ಮ ಮಡಿ ಗಿಡಿ ಎಲ್ಲ ಬಿಟ್ಟು ಹೋಗಿ ಮಗುವನ್ನು ಹೊರತೆಗೆಯುತ್ತಾರಲ್ಲ, ಅದನ್ನು ಎರಡು ಸಲ ಓದಿಸಿದರು. ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದಾಗ ಫಣಿಯಮ್ಮ ಅವಳ ಪರ ನಿಲ್ಲುವ ಕಡೆ, 'ಸರಿಯಾಗಿ ಹೇಳಿದಳು' ಅಂತ ತೊಡೆ ತಟ್ಟಿದರು. ಲೈಬ್ರರಿ ಸರ್, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ.

ಸಾರಾ ಅವರ ಪುಸ್ತಕವೂ ಆಯಿತು. ಕೊನೆಯ ಪುಟ ಓದಿ ಮುಚ್ಚಿದ ಮೇಲೆ ಅಮ್ಮ ಒಂದೇ ಮಾತು ಕೇಳಿದರು, 'ಇವಳು ಬರೆದಾಗ ಇವಳಿಗೆ ಯಾರೂ ಬಯ್ಯಲಿಲ್ಲವಾ?'

ಕಡಲತಡಿ

ಬೈದರು. ಬೆದರಿಸಿದರು, ಸಭೆಯಲ್ಲಿ ಮೇಲೇರಿ ಬಂದರು. ಆದರೂ ಬರೆಯುವುದನ್ನು ನಿಲ್ಲಿಸಲಿಲ್ಲ ಅಂತ ಅಮ್ಮನಿಗೆ ಹೇಳಿ.

ಲೈಬ್ರರಿ_ಕಾರ್ಡ್

ಆ ರಂಗೋಲಿಯ ಮಾತು ಓದಿ ಕಣ್ಣು ತುಂಬಿತು. ದಯವಿಟ್ಟು ಅಮ್ಮ ಹೇಳಿದ್ದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ತಾರೀಖು ಹಾಕಿ ಬರೆದಿಡಿ.

ಇದರ ಜೊತೆಗೆ ಕಾರಂತರ 'ಮೂಕಜ್ಜಿಯ ಕನಸುಗಳು' ಓದಿದರೆ ಚೆನ್ನ. ಅಲ್ಲೂ ಬಾಲವಿಧವೆ, ಆದರೆ ಅಜ್ಜಿ ಪೂರ್ತಿ ಬೇರೆ. ಮೊಮ್ಮಗ ಸುಬ್ಬರಾಯ ಕೇಳುತ್ತಾನೆ, ಅವಳು ಹೇಳುತ್ತಾಳೆ. ದೇವರ ಬಗ್ಗೆ, ಗಂಡು ಹೆಣ್ಣಿನ ಬಗ್ಗೆ ಎಳ್ಳಷ್ಟೂ ಅಂಜಿಕೆ ಇಲ್ಲದೆ ಹೇಳುತ್ತಾಳೆ. ಇಡೀ ಪುಸ್ತಕ ಒಬ್ಬರು ಇನ್ನೊಬ್ಬರ ಎದುರು ಕೂತು ಆಡುವ ಮಾತೇ. ನಿಮ್ಮಿಬ್ಬರಿಗೆ ಹೇಳಿ ಮಾಡಿಸಿದ ಹಾಗಿದೆ.

ಮಲಪ್ರಭಾ_ದಂಡೆ

ಈಗ ನನಗೊಂದು ಆಸೆ. 'ಮಲೆಗಳಲ್ಲಿ ಮದುಮಗಳು' ಶುರು ಮಾಡಿ. ದೊಡ್ಡದು ಅಂತ ಹೆದರಬೇಡಿ. ಅದನ್ನು ರಾತ್ರಿಯಿಡೀ ನಾಟಕವಾಗಿ ಆಡಿದಾಗ ನಾನು ಬೆಂಗಳೂರಿನ ಕಲಾಗ್ರಾಮಕ್ಕೆ ಹೋಗಿ ನೋಡಿದ್ದೆ, ಸುಮಾರು ಒಂಬತ್ತು ಗಂಟೆ. ಬೆಳಗಿನ ಜಾವದ ಚಳಿಯಲ್ಲಿ ಕಂಬಳಿ ಹೊದ್ದ ಅಜ್ಜಂದಿರು ಎದ್ದು ಹೋಗದೆ ಕೂತಿದ್ದರು. ಕುವೆಂಪು ಬರೆದ ಮಾತು ಕೇಳಲೆಂದೇ ಬರೆದದ್ದು ಅಂತ ಅವತ್ತು ಗೊತ್ತಾಯಿತು. ದಿನಕ್ಕೆ ಏಳೆಂಟು ಪುಟ ಸಾಕು.

ಕಾಫಿತೋಟ

ಅಷ್ಟು ದೊಡ್ಡದು ಈಗಲೇ ಬೇಡ ಅನ್ನಿಸುತ್ತದೆ. ನೂರಾರು ಜನ, ಹತ್ತಾರು ಮನೆಗಳು. 'ತೇಜೋ-ತುಂಗಭದ್ರಾ'ದಲ್ಲಿ ಎರಡು ಊರಿಗೇ ಅವರು ಸುಸ್ತಾದರು ಅಂದಿರಲ್ಲ.

ಮಲಪ್ರಭಾ_ದಂಡೆ

ಅದು ಬೇರೆ, ಇದು ಬೇರೆ ಸರ್. ಇಲ್ಲಿ ಜನ ಎಷ್ಟೇ ಇದ್ದರೂ ಎಲ್ಲರೂ ನಡೆದು ಹೋಗುವಷ್ಟು ದೂರದಲ್ಲೇ ಇದ್ದಾರೆ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ. ಹಳ್ಳಿಯಲ್ಲಿ ಬೆಳೆದವರಿಗೆ ಇಷ್ಟು ಜನರನ್ನು ನೆನಪಿಟ್ಟುಕೊಳ್ಳುವುದು ಹೊಸದಲ್ಲ.

ಮುಸ್ಸಂಜೆ_ಓದು, ಎರಡು ತಿಂಗಳ ಮೇಲೆ

ಮಲಪ್ರಭಾ ಸರ್ ಹೇಳಿದ್ದೇ ನಿಜವಾಯಿತು. ನನಗೇ ಯಾರು ಯಾರ ಮಗ ಅಂತ ಗೊಂದಲ, ಅಮ್ಮನಿಗೆ ಒಂದಿಷ್ಟೂ ಇಲ್ಲ. ಯಾವ ಹೆಗ್ಗಡೆ, ಯಾವ ಮನೆ ಅಂತ ನನಗೆ ಅವರೇ ಹೇಳಿಕೊಡುತ್ತಾರೆ. ನಾಗಕ್ಕನ ಕಷ್ಟಕ್ಕೆ ಮರುಗಿದರು. ಐತ, ಪೀಂಚಲು ಬಂದರೆ ಮುಖ ಅರಳುತ್ತದೆ. ಚಿನ್ನಮ್ಮನ ಮದುವೆಯ ಹಿಂದಿನ ರಾತ್ರಿಯ ಭಾಗಕ್ಕೆ ಊಟ ತಡವಾದರೂ ಏಳಲಿಲ್ಲ.

ಆದರೆ ಅವರಿಗೆ ಎಲ್ಲರಿಗಿಂತ ಜಾಸ್ತಿ ಪ್ರೀತಿ ಗುತ್ತಿಯ ನಾಯಿಯ ಮೇಲೆ. ಹುಲಿಯ. ಮೊದಲ ಪುಟಗಳಿಂದಲೇ ಗುತ್ತಿಯ ಬೆನ್ನಿಗಿದೆ ಅದು. 'ಇವತ್ತು ಹುಲಿಯ ಬರುತ್ತಾ?' ಅಂತ ಕೇಳಿಕೊಂಡೇ ಕೂರುತ್ತಾರೆ. ಅವರ ತವರಿನಲ್ಲೂ ಅಂಥದೇ ಕರಿನಾಯಿ ಇತ್ತಂತೆ, ಮದುವೆಯಾಗಿ ಬರುವಾಗ ಎತ್ತಿನಗಾಡಿಯ ಹಿಂದೆ ರೈಲ್ವೆ ಗೇಟಿನವರೆಗೆ ಓಡಿ ಬಂದಿತ್ತಂತೆ. ಅದನ್ನೂ ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ.

ಇನ್ನು ಕೊನೆಯ ನೂರು ಪುಟ ಇವೆ. ನಿನ್ನೆ ಓದು ಮುಗಿದಾಗ ಅಮ್ಮ ಕೇಳಿದರು, 'ನಾಯಿಗೆ ಏನೂ ಆಗಲ್ಲ ತಾನೆ?' ನಾನು ಈ ಕಾದಂಬರಿ ಓದಿದ್ದು ಕಾಲೇಜಿನಲ್ಲಿ, ಅರ್ಧಂಬರ್ಧ. ನೆನಪಿಲ್ಲ ಅಂದೆ. ಓದಿದವರು ಯಾರಾದರೂ ಹೇಳುತ್ತೀರಾ?

ಕಪ್ಪು_ಹಲಗೆ

ಮೇಡಂ, ಕೊನೆಯ ಅಧ್ಯಾಯವನ್ನು ಮೊದಲು ನೀವೊಬ್ಬರೇ ಓದಿಕೊಳ್ಳಿ.

ಮನೆಮುಂದಿನ_ಹೊಂಗೆ

ಹೌದು. ಹಗಲಲ್ಲಿ ಓದಿ.

ಮುಸ್ಸಂಜೆ_ಓದು

ಮಧ್ಯಾಹ್ನ ಅಮ್ಮ ಮಲಗಿದ್ದಾಗ ಓದಿಕೊಂಡೆ. ಇವತ್ತು ಸಂಜೆ ಗಂಟಲು ಸರಿಯಿಲ್ಲ ಅಂತ ಹೇಳಿ ಪುಸ್ತಕ ತೆಗೆಯಲಿಲ್ಲ. ಅಮ್ಮ ಬಿಸಿನೀರಿಗೆ ಜೇನು ಹಾಕಿ ಕೊಟ್ಟರು. ಅಳತೆ ನೋಡಲು ಲೋಟದೊಳಗೆ ಬೆರಳಿಟ್ಟುಕೊಂಡು ನೀರು ಹಾಕುತ್ತಾರೆ ಈಗ. 'ನಾಳೆ ಬೆಳಿಗ್ಗೆ ಜಗುಲಿಯಲ್ಲಿ ಕೂತು ಓದೋಣ, ಬಿಸಿಲು ಇರುತ್ತೆ' ಅಂದರು. ನಾನಾಗಿ ಏನೂ ಹೇಳಿರಲಿಲ್ಲ.